ಜಕಾರಕ್ಕೆ ಒಂದು ಇಳಿ

ನಮ್ಮೂರಿನ ಬಸ್ ನಿಲ್ದಾಣದಲ್ಲಿ ಎಂಟು ಮರದ ಹಲಗೆಗಳಿವೆ. ಊರಿನ ಪ್ರತಿಯೊಬ್ಬರ ಹೆಸರೂ ಬೀದಿಯ ಹೆಸರಿನ ಜೊತೆಗೆ ಅಕಾರಾದಿಯಾಗಿ ಅವುಗಳ ಮೇಲೆ ಇರಬೇಕು. ಪ್ರತಿವರ್ಷ ಯುಗಾದಿಗೆ ಮುಂಚೆ ಹಳೆಯದಕ್ಕೆ ಬಿಳಿ ಬಳಿದು ಹೊಸದಾಗಿ ಬರೆಯುತ್ತೇವೆ. ಮೊದಲು ಈ ಕೆಲಸಕ್ಕೆ ಒಬ್ಬ ಪೇಂಟರ್ ಇದ್ದ. ಅವನು ಒಂದು ವರ್ಷ ಶಂಕರಪ್ಪನವರ ಸೊನ್ನೆಯನ್ನು ನುಂಗಿಬಿಟ್ಟ. ಆ ಬೇಸಿಗೆಯಲ್ಲಿ ಯಾವುದೋ ಕಾದಂಬರಿಯ ಶಂಕರಪ್ಪ ಬಸ್ಸಿಳಿದು, ಹಲಗೆಯ ಮುಂದೆ ಎರಡು ದಿನ ನಿಂತ. ತನ್ನ ಹೆಸರು ಕಾಣಲಿಲ್ಲ. ಯಾರು ಕರೆದರೂ ಯಾರ ಮನೆಗೂ ಹೋಗಲಿಲ್ಲ. ಮೂರನೆಯ ದಿನ ನಿಂತ ಜಾಗದಲ್ಲೇ ಇಲ್ಲವಾದ. ಊರಿಗೆಲ್ಲ ಅದೊಂದು ಕೊರಗಾಯಿತು. ಮನೆ ಬಾಗಿಲಿಗೆ ಬಂದ ನೆಂಟನಿಗೆ ನೀರು ಕೊಡದೆ ಕಳಿಸಿದ ಹಾಗಾಯಿತಲ್ಲ ಎಂದು ನಿಜವಾದ ಶಂಕರಪ್ಪನವರು ಒಂದು ತಿಂಗಳು ಕ್ಷೌರ ಮಾಡಿಸಿಕೊಳ್ಳಲಿಲ್ಲ. ಆಗ ಪುರಸಭೆಯ ಅಧ್ಯಕ್ಷರು ಹೇಳಿದ್ದು: "ಜನನ ಮರಣ ವಿಭಾಗದಲ್ಲಿ ಅಂಬುಜಾಕ್ಷಿ ಇದಾಳಲ್ಲ, ಕಾಲೇಜಲ್ಲಿ ಕನ್ನಡ ಓದಿದೋಳು. ಕಾಗುಣಿತ ತಪ್ಪಲ್ಲ. ಅವಳ ಕೈಗೇ ಬ್ರಷ್ ಕೊಡಿ."

ಅಂದಿನಿಂದ ಹದಿನಾಲ್ಕು ವರ್ಷ ಹಲಗೆ ನನ್ನದು. ನಾನು ಒಂದು ಹೆಸರು ಬರೆದು ಮೂರು ಸಲ ಓದುತ್ತೇನೆ, ಏಣಿಯಿಂದ ಇಳಿದು ದೂರ ನಿಂತು ನಾಲ್ಕನೆಯ ಸಲ ಓದುತ್ತೇನೆ. ಮನೆಗೆ ಹೋದ ಮೇಲೂ ಯಾವುದೋ ಒಂದು ಒತ್ತಕ್ಷರ ಸರಿಯಿತ್ತೇ ಎಂದು ಬೆರಳಿನಿಂದ ಗಾಳಿಯಲ್ಲಿ ಬರೆದು ನೋಡುತ್ತೇನೆ.

ಬರುವವರು, ಓದುವವರಿಲ್ಲದ ಪುಸ್ತಕದವರು. ಬಹಳ ವರ್ಷ ಯಾರೂ ತೆರೆಯದೆ ಬಿಟ್ಟ ಕಥೆಯಿಂದ ಎದ್ದು, ಮೂರೂಕಾಲರ ಬಸ್ಸಿನಲ್ಲಿ ಬಂದು, ಹಲಗೆಯಲ್ಲಿ ತಮ್ಮ ಹೆಸರು ಹುಡುಕಿ, ಆ ಹೆಸರಿನವರ ಮನೆಗೆ ಹೋಗುತ್ತಾರೆ. ಹೆಸರಿನ ನೆಂಟರು ಎನ್ನುತ್ತೇವೆ. ಎಲ್ಲೋ ಯಾರೋ ಆ ಪುಸ್ತಕವನ್ನು ತೆರೆದ ಗಳಿಗೆಯಲ್ಲಿ ಹೊರಟುಹೋಗುತ್ತಾರೆ. ತುತ್ತು ಕೈಯಲ್ಲಿದ್ದರೂ ಸರಿಯೇ. ಅದಕ್ಕೇ ನಮ್ಮೂರಿನಲ್ಲಿ ನೆಂಟರನ್ನು ಎಷ್ಟು ದಿನ ಇರುತ್ತೀರಿ ಎಂದು ಕೇಳುವವರಿಲ್ಲ. ಕಥೆಯಲ್ಲಿ ಇಬ್ಬರನ್ನು ಕೊಂದವನೊಬ್ಬ ನಮ್ಮ ಬೀದಿಯ ಪುಟ್ಟಸ್ವಾಮಪ್ಪನವರಲ್ಲಿ ಒಂದು ಮಳೆಗಾಲ ಇದ್ದ. ಅವರು ಮೊದಲ ದಿನವೇ ಮನೆಯ ಚಾಕು, ಈಳಿಗೆಮಣೆ ಎಲ್ಲವನ್ನೂ ಅಟ್ಟಕ್ಕೆ ಸೇರಿಸಿ, ಕೈಯಲ್ಲಿ ಮುರಿಯಬಹುದಾದ ತರಕಾರಿಯನ್ನಷ್ಟೇ ತಂದರು. ಅವನು ಮಾತ್ರ ಬೀದಿಯವರಿಗೆಲ್ಲ ಹುಣಸೇಹಣ್ಣಿನ ಬೀಜ ಬಿಡಿಸಿಕೊಟ್ಟು, ಎಲ್ಲರಿಂದಲೂ ಒಳ್ಳೆಯವನೆನಿಸಿಕೊಂಡು ಹೋದ.

ಅವರಿಗೆ ಗೊತ್ತಿರುವುದು ಪುಸ್ತಕದಲ್ಲಿ ಇದ್ದಷ್ಟೇ. ಕಾಫಿ ಕುಡೀತೀರಾ, ಟೀನಾ ಎಂದರೆ ಸಂಕೋಚದಿಂದ, "ಬರೆದಿಲ್ಲ" ಎನ್ನುತ್ತಾರೆ. ಆಗ ಮನೆಯವರು ತಮಗೆ ತೋಚಿದ್ದನ್ನು ಕೊಡುತ್ತಾರೆ, ಅವರು ಅದನ್ನೇ ಇಷ್ಟವೆಂದುಕೊಳ್ಳುತ್ತಾರೆ. ನನಗೆ ಒಂಬತ್ತು ವರ್ಷವಿದ್ದಾಗ ಒಬ್ಬ ಅಂಬುಜಾಕ್ಷಿ ಬಂದಿದ್ದಳು. ನಾಲ್ಕನೆಯ ದಿನ ನನಗೆ ಜಡೆ ಹೆಣೆಯುತ್ತಿದ್ದಳು. ಬೆನ್ನ ಮೇಲಿನ ಕೈ ತಟ್ಟನೆ ಹಗುರಾಯಿತು. ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ. ಅರ್ಧ ಹೆಣೆದ ಜಡೆ ತಾನಾಗಿಯೇ ಬಿಚ್ಚಿಕೊಳ್ಳುವುದು ಕುತ್ತಿಗೆಗೆ ತಿಳಿಯುತ್ತಿತ್ತು. ಉಳಿದರ್ಧವನ್ನು ಹೆಣೆದವಳು ನನ್ನ ತಂಗಿ. ಅವಳಿಗಾಗ ಐದು ವರ್ಷ; ಜಡೆಯಾಗಲಿಲ್ಲ, ಗಂಟಾಯಿತು.

ತಂಗಿಯ ಹೆಸರು ವಾರಿಜ.

ಊರಿನಲ್ಲಿ ಇನ್ನೊಬ್ಬರು ವಾರಿಜಾ ಇದ್ದಾರೆ. ಬಾಲಕಿಯರ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವರು, ಈಗ ನಿವೃತ್ತರು, ಸುಣ್ಣದಗೂಡಿನ ಬೀದಿಯಲ್ಲಿ ಒಬ್ಬರೇ ಇರುತ್ತಾರೆ. ಬಾಯಲ್ಲಿ ಎರಡೂ ಹೆಸರು ಒಂದೇ ಕೇಳಿಸುತ್ತದೆ. ಬರೆದರೆ ಮಾತ್ರ, ಟೀಚರ್ ಹೆಸರಿನ ಕೊನೆಯ ಜಕಾರಕ್ಕೆ ಒಂದು ಇಳಿ ಇದೆ, ನನ್ನ ತಂಗಿಯದಕ್ಕೆ ಇಲ್ಲ. ಕಾಗುಣಿತ ಕಲಿಯುವಾಗ ಜಕ್ಕೆ ಇಳಿ ಕೊಟ್ಟರೆ ಜಾ ಎಂದು ಹೇಳಿಕೊಡುತ್ತಾರಲ್ಲ, ಆ ಇಳಿ. ತರಗತಿಯಲ್ಲಿ ಹಾಜರಿ ಕೂಗುವಾಗ ಟೀಚರ್, "ಇಳಿ ಇಲ್ಲದ ವಾರಿಜ!" ಎನ್ನುತ್ತಿದ್ದರಂತೆ. ತಂಗಿ ಎದ್ದು ನಿಂತು, "ಬಂದಿದೀನಿ, ಇಳಿ ಇರೋ ಟೀಚರ್!" ಎನ್ನುತ್ತಿದ್ದಳಂತೆ. ಇಡೀ ತರಗತಿ ನಗುತ್ತಿತ್ತಂತೆ.

ಟೀಚರ್ ಅವರಿಗೆ ಅರವತ್ತೆಂಟಾದರೂ ಒಬ್ಬ ನೆಂಟಳೂ ಬಂದಿಲ್ಲ. ಪ್ರತಿದಿನ ಮೂರು ಗಂಟೆಗೆ ಕೊಡೆ ಹಿಡಿದು ನಿಲ್ದಾಣಕ್ಕೆ ಬರುತ್ತಾರೆ. ಮನೆಯಲ್ಲಿ ಎರಡು ತಟ್ಟೆ ತೊಳೆದಿಟ್ಟಿರುತ್ತಾರೆ. ಹಲಗೆಯನ್ನು ನೋಡಿ ನನಗೆ ತಮಾಷೆ ಮಾಡುತ್ತಾರೆ: "ನನ್ನ ಇಳಿ ಗಟ್ಟಿಯಾಗಿ ಎಳಿಯಮ್ಮ. ಮಳೆಗೆ ಅಳಿಸಿಹೋದ್ರೆ ನನ್ನ ನೆಂಟಳು ನಿಮ್ಮನೆಗೆ ಬಂದು ಊಟಕ್ಕೆ ಕೂತುಬಿಡ್ತಾಳೆ."

ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ನನ್ನ ತಂಗಿ ಕನ್ನಡಕಕ್ಕೆ ಗಾಜು ಹಾಕಿಸಿಕೊಂಡು ಬರುತ್ತೇನೆಂದು ಬಸ್ಸು ಹತ್ತಿದಳು. ಇಪ್ಪತ್ತಮೂರು ವರ್ಷ. ಕನ್ನಡಕವಿಲ್ಲದಿದ್ದರೆ ಅವಳಿಗೆ ಮಾರುದೂರದ ಮುಖವೂ ಮಬ್ಬು. ಮಂಚದ ಮೇಲೆ ಬಿಟ್ಟಿದ್ದ ಆ ಕನ್ನಡಕದ ಮೇಲೆ ಕುಳಿತವಳು ನಾನು. "ಕಣ್ಣು ಬಿಟ್ಕೊಂಡೇ ಕೂತ್ಕೋಬಾರ್ದೇನೇ ಅಕ್ಕ" ಎಂದು ನಕ್ಕಿದ್ದಳು. ಸಂಜೆಗೆ ಬರಲಿಲ್ಲ. ಮರುದಿನ ಬರಲಿಲ್ಲ. ಪಕ್ಕದೂರಿನ ಕನ್ನಡಕದಂಗಡಿಯವನು ಅಂಥ ಹುಡುಗಿ ಬರಲೇ ಇಲ್ಲ ಎಂದ. ಕಂಡಕ್ಟರ್ ನಂಜಪ್ಪ, "ಹತ್ತಿದ್ದು ನೋಡಿದೀನಿ ಮೇಡಂ, ಟಿಕೆಟ್ಟೂ ಹರಿದುಕೊಟ್ಟಿದೀನಿ. ಇಳಿದಿದ್ದು ಮಾತ್ರ ನೋಡ್ಲಿಲ್ಲ" ಎಂದ. ಕೆಲವು ವರ್ಷಗಳಾದ ಮೇಲೆ ಅವನೇ ಒಂದು ದಿನ ಹಲಗೆ ನೋಡುತ್ತಾ, "ಇಳಿ ಇಲ್ಲದ ಹೆಸರು ನೋಡಿ, ಅದಕ್ಕೇ ಎಲ್ಲೂ ಇಳೀಲಿಲ್ಲವೇನೋ" ಎಂದುಬಿಟ್ಟ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡ. ಕೆಟ್ಟವನಲ್ಲ. ಆದರೆ ಆ ಮಾತು ನನ್ನೊಳಗೆ ಹೋಗಿ ಕೂತಿತು. ಅಂಥದ್ದನ್ನೆಲ್ಲ ನಂಬುವವಳಲ್ಲ ನಾನು. ನಂಬದಿದ್ದರೂ ಪ್ರತಿವರ್ಷ ಅವಳ ಹೆಸರು ಬರೆಯುವಾಗ ಕುಂಚ ಜಕಾರದ ಬಲಗಡೆಗೆ ಬಂದು ಸ್ವಲ್ಪ ಹೊತ್ತು ನಿಲ್ಲುತ್ತಿತ್ತು.

ಹೋದವರ ಹೆಸರು ತೆಗೆಯಲು ಸಾವಿನ ಕಾಗದ ಬೇಕು. ಅಂಥ ಕಾಗದ ನನ್ನ ಮೇಜಿಗೆ ಬಂದಿಲ್ಲ. ಹಾಗಾಗಿ ಹಲಗೆಯಲ್ಲಿ ಅವಳು ಇದ್ದಳು: ವಾರಿಜ, ನೇರಳೆಕಟ್ಟೆ ಬೀದಿ. ಅಮ್ಮ ದಿನವೂ ಮೂರೂಕಾಲಕ್ಕೆ ಕಿಟಕಿಯ ಕಟ್ಟೆಯ ಮೇಲೆ ಒಂದು ಲೋಟ ನೀರು ಮುಚ್ಚಿಡುತ್ತಿದ್ದಳು. ಬಸ್ಸಿಳಿದು ಬಂದವರಿಗೆ ಮೊದಲು ಬಾಯಾರಿಕೆ ಎನ್ನುತ್ತಿದ್ದಳು. ಸಂಜೆ ಆ ನೀರನ್ನು ದಾಸವಾಳದ ಬುಡಕ್ಕೆ ಹಾಕುತ್ತಿದ್ದಳು.

ಈ ವರ್ಷ ಯುಗಾದಿಗೆ ಐದು ದಿನವಿದ್ದಾಗ ನಾನು ಏಳನೆಯ ಹಲಗೆಯಲ್ಲಿದ್ದೆ. ಬರೆಯುವ ವಾರದಲ್ಲಿ ಟೀಚರ್ ನಿಲ್ದಾಣಕ್ಕೆ ಬರುವುದಿಲ್ಲ. ಏಣಿಯ ಕೆಳಗೆ ಯಾರಾದರೂ ನಿಂತರೆ ನನ್ನ ಕೈ ನಡುಗುತ್ತದೆ ಎಂದು ನಾನೇ ಒಮ್ಮೆ ಹೇಳಿದ್ದೆ. ಲಕಾರ ಮುಗಿದು ವಕಾರ ಹಿಡಿದು, ವಾಮನರಾವ್ ಬರೆದು, ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸುತ್ತಿದ್ದೆ. ಬಸ್ಸು ಬಂತು. ಒಬ್ಬಳೇ ಇಳಿದಳು. ಮೂವತ್ತನಾಲ್ಕರ ಆಸುಪಾಸು. ಕೈಯಲ್ಲಿ ಒಂದು ಬಟ್ಟೆಚೀಲ. ಅವಳು ಹಲಗೆಗಳನ್ನು ಎಡದಿಂದ ಬಲಕ್ಕೆ ಓದುತ್ತಾ ಬಂದು ನನ್ನ ಏಣಿಯ ಬುಡದಲ್ಲಿ ನಿಂತು ತಲೆಯೆತ್ತಿದಳು.

"ಅಕ್ಕಾ, ನನ್ನ ಹೆಸರು ಇನ್ನೂ ಬರೆದಿಲ್ವಾ?"

ಪುರಸಭೆಯಲ್ಲಿ ನಾನು ಮೇಡಂ. ಮನೆಯಲ್ಲಿ ಅಂಬು. ಹನ್ನೊಂದು ವರ್ಷದಿಂದ ನನ್ನನ್ನು ಅಕ್ಕ ಎಂದವರಿಲ್ಲ. ಈ ಬಂದವಳು ದಾರಿಯಲ್ಲಿ ಯಾರು ಸಿಕ್ಕಿದ್ದರೂ ಹಾಗೇ ಕರೆಯುತ್ತಿದ್ದಳು, ಅದು ನನಗೆ ಗೊತ್ತು. ಆದರೂ ಏಣಿಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳಬೇಕಾಯಿತು.

"ಏನು ಹೆಸರು?"

"ವಾರಿಜಾ."

"ಇಳಿ ಇದೆಯಾ?"

"ಇದೆ."

"ನೋಡಿ ಹೇಳ್ತಿದೀಯಾ?"

"ನಾನು ಬರೀ ಹೆಸರೇ ಅಲ್ವಾ ಅಕ್ಕ, ಅದೂ ನೋಡ್ಕೊಳ್ದೆ ಇರ್ತೀನಾ?"

ಅಕಾರಾದಿಯಲ್ಲಿ ಇಳಿ ಇಲ್ಲದ್ದು ಮೊದಲು ಬರುತ್ತದೆ, ಇಳಿ ಇರುವುದು ಅದರ ಕೆಳಗೆ. ಸರದಿ ನನ್ನ ತಂಗಿಯದಾಗಿತ್ತು. ನಾನು ವಾ ಬರೆದೆ, ರಿ ಬರೆದೆ, ಜ ಬರೆದೆ. ಕುಂಚ ಪ್ರತಿವರ್ಷ ನಿಲ್ಲುವ ಜಾಗದಲ್ಲಿ ನಿಂತಿತು. ಆಮೇಲೆ ಬಲಕ್ಕೆ ಬಾಗಿ ಕೆಳಗಿಳಿಯಿತು. ಕೈ ನಡುಗಲಿಲ್ಲ. ಅದನ್ನು ಮುಚ್ಚಿಡದೆ ಹೇಳಲೇಬೇಕು. ಆ ಗೀಟಿನಷ್ಟು ನೇರವಾದ, ತಿದ್ದಬೇಕಿಲ್ಲದ ಗೀಟನ್ನು ನಾನು ಹದಿನಾಲ್ಕು ವರ್ಷದಲ್ಲಿ ಎಳೆದಿರಲಿಲ್ಲ. ನೇರಳೆಕಟ್ಟೆ ಬೀದಿ ಎಂದು ಬರೆದು ಮುಗಿಸುವ ಮುಂಚೆಯೇ ಅವಳು, "ಇದೇ" ಎಂದು ಚೀಲ ಹೆಗಲಿಗೇರಿಸಿ ಹೊರಟಿದ್ದಳು. ಅವಳು ತಿರುವಿನಲ್ಲಿ ಮರೆಯಾದ ಮೇಲೆ ಕೆಳಗಿನ ಸಾಲಿನಲ್ಲಿ ಟೀಚರ್ ಹೆಸರು ಬರೆದೆ. ಅದರ ಇಳಿ ವಂಕಿವಂಕಿಯಾಯಿತು.

ಸಂಜೆ ಮನೆಗೆ ಹೋದಾಗ ಅಮ್ಮ ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದಳು. ನೆಂಟಳು ತಂಗಿಯ ಮಣೆಯ ಮೇಲೆ ಕುಳಿತಿದ್ದಳು.

"ಅಂಬು, ನೋಡಿದ್ಯೇನೇ? ಹಲಗೆ ಓದ್ಕೊಂಡು ಸೀದಾ ಬಂದಿದಾಳೆ. ಕಾಫಿ ಬೇಕಾ ಅಂದ್ರೆ ಬರೆದಿಲ್ಲ ಅಂತಾಳೆ. ಬೆಲ್ಲದ ಕಾಫಿ ಕೊಟ್ಟೆ. ನಮ್ಮ ವಾರಿಜಂಗೆ ಬೆಲ್ಲದ್ದೇ ಅಲ್ವಾ?"

"ಹೌದಮ್ಮ."

"ಹಾಗಲಕಾಯಿ ತಿನ್ನಲ್ಲ ನೀನು, ತಿಳೀತಾ?" ಎಂದು ಅಮ್ಮ ಅವಳಿಗೆ ಹೇಳಿದಳು. ಅವಳು ತಲೆಯಾಡಿಸಿ ಮನಸ್ಸಿಗೆ ತೆಗೆದುಕೊಂಡಳು.

ಹೀಗೆ ದಿನಗಳು ಹೋದವು. ಬಲಮಗ್ಗುಲಲ್ಲಿ ಮಲಗಬೇಕು, ಮೊಸರಿಗೆ ಉಪ್ಪು ಕೊನೆಯಲ್ಲಿ ಹಾಕಿಕೊಳ್ಳಬೇಕು, ಗುಡುಗು ಬಂದರೆ ಅಕ್ಕನ ಹತ್ತಿರ ಸರಿದು ಕೂರಬೇಕು. ಬರೆಯದೆ ಬಿಟ್ಟಿದ್ದ ಜಾಗವನ್ನೆಲ್ಲ ಅಮ್ಮ ತುಂಬಿದಳು. ಹಿತ್ತಲಿಂದ ಒಳಗೆ ಬರುವಾಗ, "ಅಮ್ಮಾ, ಬಂದೆ ಕಣಮ್ಮ" ಎನ್ನಬೇಕು. ಹೊರಗೆ ಹೊರಡುವಾಗ ಹೋಗ್ತೀನಿ ಎನ್ನಬಾರದು, ಹೋಗಿ ಬರ್ತೀನಿ ಎನ್ನಬೇಕು. ಅವಳು ಎಲ್ಲವನ್ನೂ ಸರಿಯಾಗಿ ಹೇಳುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದೆ. ಕಣ್ಣು ತೆರೆಯುವುದು ಬೇಡವೆನಿಸುತ್ತಿತ್ತು.

ಅವಳ ಚೀಲದಲ್ಲಿ ಒಂದು ಮಗುವಿನ ಫ್ರಾಕ್ ಇತ್ತು. ಹಳದಿ ಹೂವಿನ ಬಟ್ಟೆ. ಒಂದು ತೋಳು ಕೂತಿತ್ತು, ಇನ್ನೊಂದು ತುಂಡಾಗಿ ಬೇರೆಯಿತ್ತು.

"ಇದಿಷ್ಟೇ ನಾನು ಅಕ್ಕ" ಎಂದಳು ಒಂದು ದಿನ. "ಕಥೇಲಿ ಒಂದು ಮೂಲೇಲಿ ಕೂತು ಇದನ್ನ ಹೊಲೀತಾ ಇರ್ತೀನಿ. ದೊಡ್ಡೋರೆಲ್ಲ ಜಗಳ ಆಡ್ತಿರ್ತಾರೆ, ಯಾರೂ ನನ್ನ ಮಾತಾಡ್ಸಲ್ಲ. ಒಂದು ತೋಳು ಆಗುತ್ತೆ. ಇನ್ನೊಂದನ್ನ ಕೈಗೆ ತಗೋತೀನಿ, ಅಷ್ಟರಲ್ಲಿ ಬರೆಯೋರು ನನ್ನ ಮರ್ತೇಬಿಟ್ರು. ಮುಂದಿನ ಅಧ್ಯಾಯದಲ್ಲಿ ಆ ಮಗು ಜಾತ್ರೆಗೆ ಹೊರಡುತ್ತೆ. ಯಾವ ಫ್ರಾಕ್ ಹಾಕ್ಕೊಂಡು ಹೋಗುತ್ತೋ ಏನೋ."

"ಮುಗಿಸಿಬಿಡು ಇಲ್ಲೇ."

"ಮೊದಲನೇ ತೋಳು ಕೂರಿಸಿದ್ದು ಹೇಗೆ ಅಂತ ಬರೆದಿಲ್ವಲ್ಲ. ಹೊಲೀತಾ ಇದ್ದಳು ಅಂತ ಅಷ್ಟೇ ಇರೋದು."

ನನಗೆ ಗುಂಡಿ ಹಾಕಲೂ ಬರುವುದಿಲ್ಲ. ಅಮ್ಮನಿಗೆ ಹರಿದದ್ದಕ್ಕೆ ಹೊಲಿಗೆ ಹಾಕಲು ಬರುತ್ತದೆ, ಅಷ್ಟೇ. ಅವಳು ದಿನವೂ ಮಧ್ಯಾಹ್ನ ಬಾಗಿಲ ಬೆಳಕಿನಲ್ಲಿ ಕುಳಿತು ತೋಳು ಇಡುತ್ತಿದ್ದಳು. ಅದು ಸುಕ್ಕುಸುಕ್ಕಾಗುತ್ತಿತ್ತು. ಬಿಚ್ಚುತ್ತಿದ್ದಳು. ಬಿಚ್ಚಿಬಿಚ್ಚಿ ಬಟ್ಟೆಯ ಅಂಚು ಜಾಳಾಗುತ್ತಿತ್ತು. ಯಾರಾದರೂ ಪುಸ್ತಕ ತೆರೆದುಬಿಟ್ಟರೆ ಎಂದು ನಡುನಡುವೆ ಕತ್ತೆತ್ತಿ ಗಾಳಿಯನ್ನು ಆಲಿಸುತ್ತಿದ್ದಳು. ಎರಡು ಬೀದಿಯಾಚೆ ಮೂವತ್ತು ವರ್ಷ ಹುಡುಗಿಯರಿಗೆ ತೋಳು ಕೂರಿಸಲು ಕಲಿಸಿದ ಟೀಚರ್ ಇದ್ದರು. ಅದು ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಟೀಚರ್ ಯುಗಾದಿಯ ಮಾರನೆಯ ದಿನವೇ ಹಲಗೆಯ ಮುಂದೆ ನಿಂತಿದ್ದರು. ನಾನು ಎದುರಿನ ಪುರಸಭೆಯ ಕಿಟಕಿಯಿಂದ ನೋಡುತ್ತಿದ್ದೆ. ಅವರು ಕೊಡೆಯ ತುದಿಯಿಂದ ನನ್ನನ್ನು ಕರೆದರು.

"ಬಣ್ಣ ಚೆನ್ನಾಗಿ ಕೂತಿದೆ ಅಂಬುಜಾಕ್ಷಿ. ನನ್ನ ಇಳಿ ಎಲ್ಲಿ ಅಂತ ನೋಡ್ತಿದ್ದೆ. ಇದೆ. ಮೇಲ್ಗಡೇನೂ ಒಂದಿದೆಯಲ್ಲ?"

"ಕೈ ತಪ್ಪಿತು ಟೀಚರ್."

"ನಿನ್ನ ಕೈಯಾ?"

ನಾನು ಬೆರಳಿಗೆ ಅಂಟಿದ್ದ ಒಣ ಬಣ್ಣವನ್ನು ಉಗುರಿನಿಂದ ಕೆರೆದೆ.

"ನಿಮ್ಮನೆಗೆ ಯಾರೋ ಬಂದಿದಾರಂತೆ" ಎಂದರು.

"ಹೌದು."

"ಊಟ ಸೇರುತ್ತಾ ಅವಳಿಗೆ?"

"ಸೇರುತ್ತೆ."

"ನಿಮ್ಮಮ್ಮ ನಗ್ತಾಳಾ?"

"ನಗ್ತಾಳೆ ಟೀಚರ್."

"ಸರಿ ಹಾಗಾದ್ರೆ" ಎಂದು ಕೊಡೆ ಬಿಚ್ಚಿಕೊಂಡು ಹೋದರು. ಅವರು ಬೈದಿದ್ದರೆ ನಾನು ರಾತ್ರಿ ಮಲಗುತ್ತಿದ್ದೆ. ಮರುದಿನವೂ ಮೂರು ಗಂಟೆಗೆ ಬಂದು ಅದೇ ಜಾಗದಲ್ಲಿ ನಿಂತರು. ಅದರ ಮರುದಿನವೂ.

ಇಪ್ಪತ್ತಾರನೆಯ ದಿನ ಎರಡು ಸಂಗತಿ ನಡೆದವು. ಊಟಕ್ಕೆ ಮನೆಗೆ ಹೋದಾಗ ಕಿಟಕಿಯ ಕಟ್ಟೆಯ ಮೇಲೆ ಲೋಟವಿಟ್ಟ ದುಂಡನೆಯ ಗುರುತಿನ ಮೇಲೆ ಧೂಳು ಕೂತಿದ್ದನ್ನು ಕಂಡೆ. ಎಂದಿನಿಂದ ಅಮ್ಮ ನೀರಿಡುವುದನ್ನು ಬಿಟ್ಟಿದ್ದಳೋ ನಾನು ಗಮನಿಸಿರಲಿಲ್ಲ. ಎಲ್ಲವನ್ನೂ ಗಮನಿಸುವ ನಾನು. ದಾಸವಾಳದ ಬುಡ ಒಣಗಿತ್ತು.

ಮತ್ತೆ ಕಚೇರಿಗೆ ಬಂದು ಕುಳಿತಿದ್ದೆ. ಮೂರೂಕಾಲರ ಬಸ್ಸು ಬಂದು ಹೋಯಿತು. ತಲೆಯೆತ್ತಿದರೆ ಏಳನೆಯ ಹಲಗೆಯ ಮುಂದೆ ಒಬ್ಬಳು ಬೆನ್ನು ಮಾಡಿ ನಿಂತಿದ್ದಳು. ಮೂಗು ಹಲಗೆಗೆ ತಾಗುವಷ್ಟು ಹತ್ತಿರ. ಒಂದೊಂದು ಹೆಸರಿನ ಕೆಳಗೂ ಬೆರಳಿಟ್ಟು, ತಡವಿ ನೋಡುವಂತೆ ಓದುತ್ತಿದ್ದಳು. ಕನ್ನಡಕವಿಲ್ಲದವರು ಹಾಗೆ ಓದುತ್ತಾರೆ. ಬೆರಳು ವಾಮನರಾವ್ ದಾಟಿತು. ಕೆಳಗಿಳಿಯಿತು. ನಿಂತಿತು. ಅವಳು ತಲೆಯಲ್ಲಾಡಿಸಿದಳು, ಇದಲ್ಲ ಎನ್ನುವಂತೆ.

ನಾನು ಮೆಟ್ಟಿಲು ಇಳಿದದ್ದು ನೆನಪಿಲ್ಲ. ಚಪ್ಪಲಿ ಕಚೇರಿಯಲ್ಲೇ ಉಳಿದಿತ್ತು. ರಸ್ತೆಯ ನಡುವೆ, ಕಾದ ಡಾಂಬರಿನ ಮೇಲೆ, ನನಗೆ ಆ ಒಂದೇ ಮಾತು ಹೊಳೆಯಿತು: ಇವಳು ವಾರಿಜ ಆಗಿದ್ದರೆ ಅವಳ ಹೆಸರು ಅಲ್ಲಿಲ್ಲ. ಎರಡು ವಾರಿಜಾ ಇವೆ. ಇಳಿ ಇಲ್ಲದ ವಾರಿಜ ಊರಿನಲ್ಲೆಲ್ಲೂ ಇಲ್ಲ. ನಾನು ಅವಳಿಗೆ ಒಂದು ಗೀಟು ಕೊಟ್ಟೆನೆಂದುಕೊಂಡಿದ್ದೆ. ನಾನು ಅವಳನ್ನು ತೆಗೆದುಹಾಕಿದ್ದೆ. ಸಾವಿನ ಕಾಗದವಿಲ್ಲದೆ, ನನ್ನ ಕೈಯಾರೆ.

ಅವಳು ತಿರುಗಿದಳು. ಬೇರೆ ಯಾರೋ. ನಲವತ್ತು ದಾಟಿದವಳು, ಹಣೆಯಲ್ಲಿ ಹಚ್ಚೆ.

"ವಾಸಂತಿ ಅಂತ ನನ್ನ ನಾದಿನಿ. ಯಾವ ಬೀದಿ ನೋಡಿ ಹೇಳ್ತೀರಾ ತಾಯಿ? ಕನ್ನಡಕ ಮರ್ತು ಬಂದೆ."

ನಾನು ಓದಿ ಹೇಳಿದೆ. ನನ್ನ ಧ್ವನಿ ಸರಿಯಾಗಿಯೇ ಇತ್ತು. ಅವಳು ಹೋದ ಮೇಲೆ ಹಲಗೆಗೆ ಒರಗಿ ನಿಂತೆ. ಟೀಚರ್ ಕೊಡೆಯ ನೆರಳನ್ನು ನನ್ನ ಕಾಲಿನ ಮೇಲೆ ಹಿಡಿದರು. "ಕಾಲು ಸುಡುತ್ತೆ. ಒಳಗೆ ಹೋಗು" ಎಂದರು. ಅಷ್ಟೇ.

ನಾನು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದೆ. ನೆಂಟಳು ತೋಳು ಬಿಚ್ಚುತ್ತಿದ್ದಳು. ಅಮ್ಮ ಅಕ್ಕಿ ಆರಿಸುತ್ತಿದ್ದಳು. ಮಾತನ್ನು ಹೇಗೆ ಜೋಡಿಸಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಬಾಯಿಂದ ಬಂದದ್ದು ಬೇರೆ.

"ಅಮ್ಮ, ಇವಳು ನಮ್ಮನೆಯೋಳಲ್ಲ. ಟೀಚರ್ ಮನೆಗೆ ಬಂದೋಳು. ಇಳಿ ನಾನು ಎಳೆದಿದ್ದು."

ಅಮ್ಮ ಮೊರದಿಂದ ಒಂದು ಕಲ್ಲು ಹೆಕ್ಕಿ ಹೊರಗೆಸೆದಳು. "ಗೊತ್ತು."

"ಗೊತ್ತಾ?"

"ಹಬ್ಬದ ದಿನ ಗುಡಿಗೆ ಹೋಗ್ತಾ ಹಲಗೆ ನೋಡ್ದೆ. ನಂಗೂ ಓದೋಕೆ ಬರುತ್ತೆ ಕಣೇ, ನೀನೊಬ್ಬಳೇ ಅಲ್ಲ. ಒಂದು ಗೀಟು ತಾನೇ ಅಂದ್ಕೊಂಡೆ."

"ಆ ಗೀಟಿದ್ರೆ ನಮ್ಮೋಳ ಹೆಸರು ಇಲ್ಲದ ಹಾಗೆ ಆಗುತ್ತಮ್ಮ. ನಾಳೆ ಬಂದು ನಿಂತ್ರೆ..."

ಅಮ್ಮನ ಕೈ ಅಕ್ಕಿಯೊಳಗೆ ನಿಂತಿತು. ಅವಳು ಅಷ್ಟು ದೂರ ಯೋಚಿಸಿರಲಿಲ್ಲ. ಕಿಟಕಿಯ ಕಡೆ ನೋಡಿದಳು. ಕಟ್ಟೆಯ ಮೇಲೆ ಲೋಟವಿರಲಿಲ್ಲ. ಆಮೇಲೆ ಸೆರಗಿನಿಂದ ಆ ಧೂಳನ್ನು ಒರೆಸಿ, "ಅವಳಿಗೆ ಒಂದು ಲೋಟ ಕಾಫಿ ಕೊಟ್ಟು ಕರ್ಕೊಂಡು ಹೋಗು. ಬೆಲ್ಲದ್ದೇ ಕೊಡು, ಅಭ್ಯಾಸ ಆಗಿದೆ" ಎಂದಳು.

ನೆಂಟಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಫ್ರಾಕನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಅಮ್ಮ ಉಡಿಸಿದ್ದ ತಂಗಿಯ ಸೀರೆಯನ್ನು ಬಿಚ್ಚಿ ತನ್ನದನ್ನು ಉಟ್ಟುಕೊಂಡು ಬಂದಳು. ಹೊಸಿಲ ಬಳಿ ನಿಂತು, "ಅಮ್ಮಾ, ಹೋಗಿ ಬರ್ತೀನಿ" ಎಂದಳು.

"ಹಾಗಂತ ನಿಂಗೆ ಬರೆದಿದೆಯಾ?" ಎಂದಳು ಅಮ್ಮ, ತಲೆಯೆತ್ತದೆ.

"ಇಲ್ಲ. ನೀವೇ ಹೇಳ್ಕೊಟ್ಟಿದ್ದು."

ಟೀಚರ್ ಬಾಗಿಲು ತೆರೆದವರು ನನ್ನನ್ನು ನೋಡಲಿಲ್ಲ. ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಬಂದ್ಯಾ" ಎಂದರು. ಒಳಗೆ ಗೋಡೆಯ ಬದಿಗೆ ಎರಡು ತಟ್ಟೆ ಬೋರಲಾಗಿದ್ದವು. ಒಂದರ ತಳ ಉಜ್ಜಿಉಜ್ಜಿ ಸವೆದಿತ್ತು, ಇನ್ನೊಂದು ಹೊಚ್ಚಹೊಸತು. ಹೊಲಿಗೆಯಂತ್ರದ ಮೇಲಿನ ಹೊದಿಕೆಯನ್ನು ಸರಿಸಿ ಅವರು ಫ್ರಾಕ್ ಕೈಗೆ ತೆಗೆದುಕೊಂಡರು. ಜಾಳಾದ ಅಂಚನ್ನು ಬೆರಳಿನಿಂದ ಮುಟ್ಟಿದರು.

"ಎಷ್ಟು ಸಲ ಬಿಚ್ಚಿದೀಯೇ ಇದನ್ನ?"

"ದಿನಾ ಒಂದು ಸಲ."

"ನೋಡು, ತೋಳು ಯಾವಾಗ್ಲೂ ಅದು ಕೂರೋ ಜಾಗಕ್ಕಿಂತ ಒಂಚೂರು ದೊಡ್ಡದಾಗೇ ಇರುತ್ತೆ. ಎಲ್ಲರೂ ಅಳತೆ ತಪ್ಪಿದೆ ಅಂದ್ಕೊಂಡು ಎಳೀತಾರೆ, ಇಲ್ಲಾ ಹೆಚ್ಚಾಗಿದ್ದನ್ನ ಒಂದೇ ಕಡೆ ತುರುಕ್ತಾರೆ. ಸುಕ್ಕು ಬರೋದು ಅದಕ್ಕೇ. ಹೆಚ್ಚಾಗಿರೋದನ್ನ ಸುತ್ತಲೂ ಚೂರುಚೂರಾಗಿ ಹಂಚಬೇಕು. ಹಂಚಿಬಿಟ್ರೆ ಕಣ್ಣಿಗೆ ಕಾಣಲ್ಲ, ಕೈಯೆತ್ತೋಕೆ ಸಲೀಸಾಗಿರುತ್ತೆ. ಎಲ್ಲಿ, ಸೂಜಿ ಹಿಡಿ."

ಇಬ್ಬರ ತಲೆಗಳು ಹಳದಿ ಹೂವಿನ ಮೇಲೆ ಬಾಗಿದವು. ನನಗೆ ಅಲ್ಲಿ ಕೆಲಸವಿರಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುವಾಗ ಟೀಚರ್ ಹಿಂತಿರುಗದೆಯೇ, "ಅಂಬುಜಾಕ್ಷಿ, ನಾಳೆ ಏಣಿ ಹತ್ತೋವಾಗ ಹುಷಾರು. ಕೈ ತಪ್ಪೀತು" ಎಂದರು.

ಮರುದಿನ ಎರಡು ಗಂಟೆಗೆ ಏಣಿ ಹಾಕಿದೆ. ಚಾಕುವಿನ ಮೊಂಡುತುದಿಯಿಂದ ಆ ಇಳಿಯನ್ನು ಹೆರೆದೆ. ಬಣ್ಣ ಪುಡಿಪುಡಿಯಾಗಿ ನನ್ನ ಮೊಣಕೈಗೆ ಉದುರಿತು. ಹೆರೆದ ಜಾಗದಲ್ಲಿ ಬಿಳಿಯ ನಡುವೆ ಮರ ಕಂದಾಗಿ ಕಂಡಿತು. ದೂರದಿಂದ ಅದೂ ಇಳಿಯಂತೆಯೇ ಕಂಡರೆ ಎಂದು ಭಯವಾಗಿ, ಅಲ್ಲಿಗೆ ಹಿನ್ನೆಲೆಯ ಬಣ್ಣ ಬಳಿದೆ. ಮತ್ತೂ ಸಮಾಧಾನವಾಗದೆ ಇಡೀ ಹೆಸರನ್ನು ಅಳಿಸಿ, ಮೇಲಿನ ಕೆಳಗಿನ ಸಾಲುಗಳಿಗೆ ತಾಗುವಷ್ಟು ಎತ್ತರಕ್ಕೆ, ಉಳಿದವರ ಹೆಸರಿಗಿಂತ ದಪ್ಪವಾಗಿ ಬರೆದೆ. ಜಕಾರದ ಬಲಗಡೆ ಖಾಲಿ ಬಿಟ್ಟೆ.

ಮೂರು ಗಂಟೆಗೆ ಟೀಚರ್ ಬಂದರು. ಕೊಡೆಯನ್ನು ಮಡಿಸಿಯೇ ಹಿಡಿದಿದ್ದರು. ಬಿಸಿಲು ಅವರ ಬಿಳಿಯ ತಲೆಯ ಮೇಲೆ ಬೀಳುತ್ತಿತ್ತು.

"ಹೋದಳು" ಎಂದರು.

ನಾನು ಏಣಿಯ ನಡುಮೆಟ್ಟಿಲಲ್ಲೇ ಕುಳಿತೆ.

"ಬೆಳಿಗ್ಗೆ ಗಂಟು ಹಾಕಿ ದಾರ ಕಚ್ಚಿದಳು. ಫ್ರಾಕ್ ಕೊಡವಿ ಬೆಳಕಿಗೆ ಹಿಡಿದು ನೋಡಿದಳು. ಎರಡು ತೋಳೂ ಸಮ. ಆಮೇಲೆ ಊಟಕ್ಕೆ ಕೂತ್ವಿ. ನಾನು ಮೊಸರು ಬಡಿಸ್ತಾ, ಉಪ್ಪು ಬೇಕೇನೇ ಅಂತ ಕೇಳ್ದೆ. ಕೊನೇಲಿ ಹಾಕ್ಕೋತೀನಿ ಅಂದಳು. ಉಪ್ಪಿನ ಭರಣಿ ತಗೊಂಡು ತಿರುಗಿದ್ರೆ ತಟ್ಟೆ ಮಾತ್ರ ಇತ್ತು."

"ಟೀಚರ್, ನನ್ನಿಂದ ಇಪ್ಪತ್ತಾರು ದಿನ..."

"ಎಣಿಸಬೇಡ. ಒಂದು ದಿನ ಸಿಕ್ಕಳಲ್ಲ, ಅದನ್ನ ಸುತ್ತಲೂ ಹಂಚ್ಕೋತೀನಿ." ಅವರು ಹಲಗೆಯನ್ನು ನೋಡಿದರು. ತಮ್ಮ ಹೆಸರಿನ ವಂಕಿವಂಕಿ ಇಳಿಯನ್ನು ನೋಡಿದರು, ಮೇಲಿನ ದಪ್ಪ ಹೆಸರನ್ನು ನೋಡಿದರು. "ಎಲ್ಲೋ ಯಾರೋ ಓದ್ತಿದಾರೆ ಅಂಬುಜಾಕ್ಷಿ. ಆ ಮಗು ಈಗ ಜಾತ್ರೆಗೆ ಹೊರಟಿರುತ್ತೆ." ಹೀಗೆಂದು ಎಂದಿನಂತೆ ತಮ್ಮ ಜಾಗದಲ್ಲಿ ಹೋಗಿ ನಿಂತರು, ಬಸ್ಸಿಗೆ ಕಾಯುತ್ತಾ.

ಆಗ ಅಮ್ಮ ಬರುವುದು ಕಾಣಿಸಿತು. ತಂಗಿ ಹೋದ ಮೇಲೆ ಅಮ್ಮ ಬಸ್ಸಿನ ಹೊತ್ತಿಗೆ ಈ ಕಡೆಗೆ ಬಂದದ್ದೇ ಇಲ್ಲ. ಕೈಯಲ್ಲಿ ಮುಚ್ಚಳವಿಟ್ಟ ನೀರಿನ ಲೋಟ. ಅರ್ಧ ದಾರಿಯಲ್ಲಿ ತುಳುಕಿ ಸೀರೆ ಒದ್ದೆಯಾಗಿತ್ತು. ಹಲಗೆಯ ಮುಂದೆ ನಿಂತು ತಲೆಯೆತ್ತಿ ಓದಿದಳು. ಹತ್ತು ಹೆಜ್ಜೆ ಹಿಂದೆ ಹೋಗಿ ಓದಿದಳು. ರಸ್ತೆಯಾಚೆ ಹೋಗಿ ಓದಿದಳು. ಈ ಅಭ್ಯಾಸ ನನಗೆ ಎಲ್ಲಿಂದ ಬಂತೆಂದು ಆಗ ತಿಳಿಯಿತು.

ಬಸ್ಸು ಬಂದು ನಿಂತಿತು. ನಂಜಪ್ಪ ಬಾಗಿಲಲ್ಲಿ ಜೋತುಬಿದ್ದು, "ಇಳೀರಿ, ಇಳೀರಿ" ಎಂದು ಕೂಗಿದ. ಸಂತೆಗೆ ಹೋಗಿದ್ದ ಮೂವರು ಇಳಿದರು, ಒಬ್ಬ ಮುದುಕ ಇಳಿದ, ಆಮೇಲೆ ಯಾರೂ ಇಲ್ಲ. ಅಮ್ಮ ಲೋಟವನ್ನು ಟೀಚರ್ ಕೈಗಿತ್ತು, ಕಂಬಿ ಹಿಡಿದು ಬಸ್ಸು ಹತ್ತಿಬಿಟ್ಟಳು.

"ಅಮ್ಮೋರೇ, ಎಲ್ಲಿಗೆ? ಟಿಕೆಟ್ ಹರೀಲಾ?" ಎಂದ ನಂಜಪ್ಪ.

"ಸುಮ್ನಿರಪ್ಪ ಒಂದು ಗಳಿಗೆ."

ಅಮ್ಮ ಈಚೆಬದಿಯ ಕಿಟಕಿಯ ಪಕ್ಕದ ಸೀಟಿನಲ್ಲಿ ಕುಳಿತಳು. ಪ್ರಯಾಣದವರ ಹಾಗೆ ಸೆರಗು ಹೊದ್ದುಕೊಂಡಳು. ಆಮೇಲೆ ತನ್ನ ಕನ್ನಡಕವನ್ನು ತೆಗೆದು ಮಡಿಲಲ್ಲಿಟ್ಟುಕೊಂಡು, ಕಣ್ಣು ಕಿರಿದು ಮಾಡಿ, ಹಲಗೆಯ ಕಡೆ ನೋಡಿದಳು. ಬಸ್ಸಿನ ಇಂಜಿನ್ನು ಗುರುಗುಡುತ್ತಿತ್ತು. ಒಳಗಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ನಾನು ಏಣಿಯ ಮೇಲೆ ಹೆಸರಿಗೆ ಅಡ್ಡವಾಗದಂತೆ ಒಂದು ಬದಿಗೆ ಸರಿದು ನಿಂತಿದ್ದೆ.

"ವಾ" ಎಂದಳು ಅಮ್ಮ. "ರಿ." ಸ್ವಲ್ಪ ತಡೆದಳು. "ಜ."

"ಇಳಿ?" ಎಂದೆ ನಾನು ಅಲ್ಲಿಂದಲೇ.

"ಇಲ್ಲ. ಬರೀ ಜ. ಕಾಣುತ್ತೆ ಕಣೇ ಅಂಬು, ಇಲ್ಲಿಂದ ಚೆನ್ನಾಗಿ ಕಾಣುತ್ತೆ."

"ಹಾಗಾದ್ರೆ ಇಳೀತೀರಾ ಅಮ್ಮೋರೇ?" ಎಂದು ನಂಜಪ್ಪ ಮೆಲ್ಲಗೆ ಕೇಳಿದ.

"ಇಳೀತೀನಿ ಇರಪ್ಪ" ಎಂದಳು ಅಮ್ಮ. ಆದರೂ ಇನ್ನೊಂದು ಸಲ, ಕನ್ನಡಕವಿಲ್ಲದ ಕಣ್ಣಿನಿಂದ, ಮೊದಲಿಂದ ಓದತೊಡಗಿದಳು.